ಫೆಂಗ್‌ಶೂಯಿಯವ್ರು ಒಂದು ಮೂಲೆ ಅಂತಾರೆ, ಅತ್ತೆ ಇನ್ನೊಂದು ಮೂಲೆ ಅಂತಾರೆ, ಸಾಮಾನು ಮಾತ್ರ ಎಲ್ಲಾ ಮೂಲೆಲೂ ಇದೆ

ಎರಡನೇ_ಮಹಡಿ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ನಮ್ದು ಬನಶಂಕರಿ 3ನೇ ಹಂತದಲ್ಲಿ 2 ಬಿಎಚ್‌ಕೆ, ಹೆಸರಿಗೆ 1050 ಸ್ಕ್ವೇರ್ ಫೀಟು, ಒಳಗೆ ಕಾಲಿಟ್ರೆ ಅದೆಲ್ಲಿ ಹೋಯ್ತು ಅಂತ ಬಿಲ್ಡರ್‌ನೇ ಕೇಳ್ಬೇಕು. ನಾನು, ನಮ್ಮನೆಯವ್ರು, 2ನೇ ಕ್ಲಾಸ್ ಓದೋ ಮಗ. ಈ ಸಲ ಯುಗಾದಿ ಮುಗಿಸ್ಕೊಂಡು ಅತ್ತೆ ತೀರ್ಥಹಳ್ಳಿ ಮನೆ ಬಾಡಿಗೆಗೆ ಕೊಟ್ಟು ನಮ್ಮ ಜೊತೆ ಇರೋಕ್ಕೆ ಬಂದ್ರು. ಬಂದಿದ್ದು ಖುಷಿನೇ, ಮಗನ ಊಟದ ಗಲಾಟೆ ಅರ್ಧಕ್ಕರ್ಧ ಕಮ್ಮಿ ಆಗಿದೆ. ಆದ್ರೆ ಅವ್ರ ಜೊತೆ 14 ರಟ್ಟಿನ ಬಾಕ್ಸು, ಒಂದು ತಾಮ್ರದ ಹಂಡೆ ಬಂದಿವೆ. ನಮ್ಮ ಅಟ್ಟ ಮೊದಲೇ ತುಂಬಿತ್ತು. ಈಗ ಬಾಕ್ಸ್‌ಗಳು ನಾನು ಕೆಲ್ಸ ಮಾಡೋ ರೂಮಲ್ಲಿ ಗೋಡೆ ಪೂರ್ತಿ ನಿಂತಿವೆ, ಮೀಟಿಂಗಲ್ಲಿ ಕ್ಯಾಮೆರಾ ಆನ್ ಮಾಡಿದ್ರೆ ಗೋಡೌನ್‌ನಲ್ಲಿ ಕೂತಿರೋ ಹಾಗೆ ಕಾಣ್ತೀನಿ.

ನಮ್ಮ ಟೀಮಿನ ಒಬ್ಳು ಫೆಂಗ್‌ಶೂಯಿ, ಅಂದ್ರೆ ಚೀನಾದವ್ರ ವಾಸ್ತು ತರದ್ದು, ಮಾಡಿಸ್ಕೋ, ಕ್ಲಟರ್, ಅಂದ್ರೆ ಬೇಡದ ಸಾಮಾನಿನ ರಾಶಿ, ಎಲ್ಲಾ ಹೋಗುತ್ತೆ, ನಮ್ಮನೇಲಿ ಎಷ್ಟು ಹಗುರ ಆಗಿದೆ ಗೊತ್ತಾ ಅಂತ ಹೇಳಿ ಒಬ್ರ ನಂಬರ್ ಕೊಟ್ಳು, ನಾನೂ ಮನೆ ನೋಡಿ ತಲೆ ಕೆಟ್ಟಿತ್ತಲ್ಲ, ಕರೆಸ್ದೆ. ಆತ ಬಂದು ಫೋನಲ್ಲಿ ದಿಕ್ಸೂಚಿ ಆ್ಯಪ್ ಹಾಕ್ಕೊಂಡು ಎಲ್ಲಾ ಕಡೆ ಓಡಾಡಿ, ನಮ್ಮ ಫ್ಲೋರ್ ಪ್ಲ್ಯಾನ್ ಮೇಲೆ 9 ಚೌಕ ಗೀಚಿ, ಆಗ್ನೇಯ ನಿಮ್ಮ ಸಂಪತ್ತಿನ ಮೂಲೆ, ಅಲ್ಲಿ ಹಳೆ ಪೇಪರು, ಕೆಟ್ಟ ಮಿಕ್ಸಿ, ಮಾಪು ಇಟ್ಟಿದೀರಾ, ದುಡ್ಡು ಹೇಗ್ರೀ ನಿಲ್ಲುತ್ತೆ ಅಂದ್ರು. ಅದು ನಮ್ಮ ಅಡಿಗೆಮನೆ ಪಕ್ಕದ ಯುಟಿಲಿಟಿ. ಅಲ್ಲಿ ಸಣ್ಣ ಫೌಂಟನ್ ಇಡಿ ಅಂದ್ರು. ಅತ್ತೆ ಅಲ್ಲೇ ನಿಂತಿದ್ರು. ಆಗ್ನೇಯ ಅಂದ್ರೆ ಅಗ್ನಿ, ಒಲೆ ಬುಡಕ್ಕೆ ನೀರು ತಂದಿಡ್ತಾರಾ ಯಾರಾದ್ರೂ ಅಂತ ಕೇಳೇಬಿಟ್ರು. ಆಮೇಲೆ ಆತ ಈಶಾನ್ಯಕ್ಕೆ ಬಂದ್ರು, ಅದು ಹಾಲ್‌ನ ಬಾಲ್ಕನಿ, ಮಗನ ಸೈಕಲ್ಲು, ಬಟ್ಟೆ ಒಣಗಿಸೋ ಸ್ಟ್ಯಾಂಡು, ನೀರು ಬರದ ಹಳೆ ಆರ್‌ಓ ಮೆಷಿನ್ನು ಎಲ್ಲಾ ಅಲ್ಲಿ. ಇದು ಭೂಮಿ ತತ್ವ, ಇಲ್ಲಿ ಕಲ್ಲು ಇಲ್ಲಾ ಕ್ರಿಸ್ಟಲ್ ಇಡಿ ಅಂದ್ರು. ಅತ್ತೆ ಈಶಾನ್ಯದಲ್ಲಿ ಕಲ್ಲಾ ಅಂತ ಹಣೆ ಚಚ್ಕೊಂಡು ಒಳಗೆ ಹೋದ್ರು, ಆವತ್ತು ಆತನಿಗೆ ಕಾಫಿ ಕೂಡ ಸಿಗ್ಲಿಲ್ಲ.

ಕೊನೇಲಿ ಒಂದು ಲಿಸ್ಟ್ ಕೊಟ್ರು: ಮೂರು ಕಾಲಿನ ಕಪ್ಪೆ, ಕ್ರಿಸ್ಟಲ್ ಬಾಲ್, 6 ಕೊಳವೆ ಇರೋ ಗಾಳಿಗಂಟೆ, ಬೆಡ್‌ರೂಮ್‌ಗೆ ಜೋಡಿ ಬಾತುಕೋಳಿ. ಎಲ್ಲಾ ಅವ್ರ ಹತ್ರಾನೇ ಸಿಗುತ್ತಂತೆ, ಫೀಸೂ ಸೇರಿ 18 ಸಾವಿರ. ನಾನು ಕರೆಸಿದ್ದು ಸಾಮಾನು ಕಮ್ಮಿ ಮಾಡೋಕ್ಕಲ್ವಾ?

ಕೇಳೋದು ಇಷ್ಟೇ. ನಿಜವಾದ ಫೆಂಗ್‌ಶೂಯಿ ಅಂದ್ರೆ ಇದೇನಾ? ಅದಕ್ಕೂ ವಾಸ್ತುಗೂ ಹೊಂದಿಸೋಕ್ ಆಗುತ್ತಾ? ನನ್ನ ಡೆಸ್ಕ್ ಬಾಗಿಲಿಗೆ ಬೆನ್ನು ಹಾಕಿದೆ, ಅದು ತಪ್ಪು ಅಂದ್ರು, ಅದೊಂದು ಮಾತ್ರ ನಂಗೂ ಹೌದು ಅನ್ಸಿದೆ, ಯಾಕಂದ್ರೆ ಮಗ ಹಿಂದಿಂದ ಬಂದು ಭೌ ಅಂದಾಗೆಲ್ಲಾ ಎದೆ ಧಸಕ್ ಅನ್ನುತ್ತೆ. ಮತ್ತೆ ಅಟ್ಟ ಎಲ್ಲಿಂದ ಶುರು ಮಾಡ್ಲಿ?

ಟ್ಯಾಂಪನೀಸ್_ಗೌಡ:

ಸಿಂಗಾಪುರದಿಂದ ಬರೀತಿದೀನಿ, ಇಲ್ಲಿ 11 ವರ್ಷ ಆಯ್ತು, ಮೂಲ ಚನ್ನರಾಯಪಟ್ಟಣ. ನಾವಿರೋದು ಎಚ್‌ಡಿಬಿ ಫ್ಲ್ಯಾಟಲ್ಲಿ, ಅಂದ್ರೆ ಇಲ್ಲಿನ ಸರ್ಕಾರಿ ವಸತಿ, ಅಕ್ಕಪಕ್ಕ ಎಲ್ಲಾ ಚೀನೀಯರು, ಹಂಗಾಗಿ ಇದನ್ನ ಸ್ವಲ್ಪ ಹತ್ತಿರದಿಂದ ನೋಡಿದೀನಿ. ನಂಬ್ತೀನಿ ಅಂತಲ್ಲ.

ಫೆಂಗ್ ಅಂದ್ರೆ ಗಾಳಿ, ಶೂಯಿ ಅಂದ್ರೆ ನೀರು. ಶುರು ಆಗಿದ್ದು ಮನೆ ಒಳಗಿನ ಸೋಫಾ ಎಲ್ಲಿಡ್ಬೇಕು ಅಂತಲ್ಲ, ಹೆಣ ಎಲ್ಲಿ ಹೂಳ್ಬೇಕು ಅಂತ. ಗುವೋ ಪು ಅಂತ ಒಬ್ಬ, 4ನೇ ಶತಮಾನದ ಮೊದಲ ಭಾಗದಲ್ಲಿ ತೀರಿಕೊಂಡವನು, ಅವನ ಹೆಸರಲ್ಲಿರೋ ಸಮಾಧಿ ಗ್ರಂಥದಲ್ಲೇ ಈ ಲೆಕ್ಕ ಇರೋದು: ಚೀ ಅನ್ನೋ ಪ್ರಾಣಶಕ್ತಿ ಗಾಳಿಗೆ ಸಿಕ್ರೆ ಚದುರಿಹೋಗುತ್ತೆ, ನೀರು ಸಿಕ್ರೆ ನಿಲ್ಲುತ್ತೆ. ಅದಕ್ಕೇ ಹಿಂದೆ ಗುಡ್ಡ, ಮುಂದೆ ನೀರು ಇರೋ ಜಾಗ ಒಳ್ಳೇದು ಅಂತ. ಚೀನಾದಲ್ಲಿ ಚಳಿಗಾಲದ ಗಾಳಿ ಉತ್ತರದಿಂದ ಕೊರ್ಕೊಂಡು ಬರುತ್ತೆ, ಬಿಸಿಲು ದಕ್ಷಿಣದಿಂದ ಬೀಳುತ್ತೆ, ಸೋ ಬೆನ್ನು ಉತ್ತರಕ್ಕೆ, ಮುಖ ದಕ್ಷಿಣಕ್ಕೆ. ಬೀಜಿಂಗಿನ ಅರಮನೆನೂ ದಕ್ಷಿಣಕ್ಕೇ ಮುಖ ಮಾಡಿರೋದು. ನಮ್ಮೂರಲ್ಲಿ ದಕ್ಷಿಣದ ಬಾಗಿಲು ಅಂದ್ರೆ ಮನೆ ಬಾಡಿಗೆಗೂ ಹೋಗಲ್ಲ. ಅವ್ರ ಹವಾಮಾನಕ್ಕೆ ಅವ್ರ ಶಾಸ್ತ್ರ, ಅದನ್ನ ತಂದು ಬನಶಂಕರಿಗೆ ಹಚ್ಚಿದ್ರೆ ನಿಮ್ಮತ್ತೆ ಹಣೆ ಚಚ್ಕೊಳ್ಳೋದು ಸಹಜ.

ಇನ್ನು ಆ 9 ಚೌಕ, ಅದಕ್ಕೆ ಬಾಗುವಾ ಅಂತಾರೆ, ಸುತ್ತ 8 ಮಧ್ಯ 1. ಅದನ್ನ ಹಾಕೋದ್ರಲ್ಲಿ ಎರಡು ಪಂಥ ಇದೆ. ಹಳೇ ಕಾಲದವ್ರು ಲುವೋಪಾನ್ ಅನ್ನೋ ದಿಕ್ಸೂಚಿ ತಟ್ಟೆ ಇಟ್ಕೊಂಡು ದಿಕ್ಕು ನೋಡ್ತಾರೆ, ಅದ್ರಲ್ಲಿ ಸುತ್ತಾ 24 ಭಾಗ, ಒಂದೊಂದು 15 ಡಿಗ್ರಿ. ಇನ್ನೊಂದು ಲಿನ್ ಯುನ್ ಅನ್ನೋರು ಅಮೆರಿಕದಲ್ಲಿ ಹಬ್ಬಿಸಿದ್ದು, ಅದ್ರಲ್ಲಿ ದಿಕ್ಕು ನೋಡೋದೇ ಇಲ್ಲ, ಬಾಗಿಲಲ್ಲಿ ನಿಂತ್ಕೊಂಡು ಒಳಗೆ ನೋಡಿದ್ರೆ ದೂರದ ಎಡ ಮೂಲೆ ಸಂಪತ್ತು, ದೂರದ ಬಲ ಮೂಲೆ ದಾಂಪತ್ಯ, ಮುಗೀತು. ಎರಡರಲ್ಲಿ ಒಂದು ಹಿಡ್ಕೋಬೇಕು. ನಿಮ್ಮ ಮನೆಗೆ ಬಂದವ್ರು ಯಾವ್ದು ಮಾಡಿದ್ರು? ಮತ್ತೆ ಫೋನ್ ದಿಕ್ಸೂಚಿ ಫ್ರಿಜ್ ಪಕ್ಕ, ಕಬ್ಬಿಣದ ಬೀರು ಪಕ್ಕ, ಕಂಬಿ ತುಂಬಿರೋ ಪಿಲ್ಲರ್ ಪಕ್ಕ ಹಿಡಿದ್ರೆ ಅದು ಎಲ್ಲೆಲ್ಲೋ ತಿರುಗುತ್ತೆ, ನೀವೇ ಎರಡು ಕಡೆ ನಿಂತು ನೋಡಿ.

ಕ್ಲಟರ್ ವಿಷ್ಯ ಹೇಳ್ಬೇಕಂದ್ರೆ, ಹಳೇ ಗ್ರಂಥಗಳ ಚಿಂತೆ ಬೆಟ್ಟ, ನದಿ, ದಿಕ್ಕು. ಡ್ರಾಯರ್ ಖಾಲಿ ಮಾಡಿ ಅಂತ ಮುಖ್ಯವಾಗಿ ಹೇಳೋಕ್ ಶುರು ಆಗಿದ್ದು 90ರ ದಶಕದ ಇಂಗ್ಲಿಷ್ ಪುಸ್ತಕಗಳ ಕಾಲಕ್ಕೆ. ಹಂಗಂತ ಚೀನೀಯರ ಮನೇಲಿ ಕ್ಲೀನಿಂಗ್ ಇಲ್ಲ ಅಂತಲ್ಲ, ಅದು ಹಬ್ಬಕ್ಕೆ ಸೇರಿದ್ದು. ನಮ್ಮ ಮೇಲಿನ ಮನೆ ಆಂಟಿ ಕ್ಯಾಂಟನೀಸ್‌ನವ್ರು, ಅಂದ್ರೆ ದಕ್ಷಿಣ ಚೀನಾ ಮೂಲದವ್ರು, ಅವ್ರ ಚಾಂದ್ರಮಾನ ಲೆಕ್ಕದಲ್ಲಿ ಹನ್ನೆರಡನೇ ತಿಂಗಳ 28ನೇ ದಿನ ಮನೆ ಕೊಳೆ ತೊಳೆಯೋ ದಿನ. ಹೊಸ ವರ್ಷಕ್ಕೆ ಮುಂಚೆ ನಮ್ಮ ಲಿಫ್ಟ್ ಹತ್ರ ಸೋಫಾ, ಮ್ಯಾಟ್ರೆಸ್ಸು, ಮುರಿದ ಫ್ಯಾನು ಗುಡ್ಡೆ ಬೀಳುತ್ತೆ. ಆಮೇಲೆ ಹಬ್ಬದ ಮೊದಲ ದಿನ ಪೊರಕೆ ಮುಟ್ಟೋ ಹಾಗಿಲ್ಲ, ಬಂದ ಅದೃಷ್ಟ ಗುಡಿಸಿಹೋಗುತ್ತೆ ಅಂತ ಆಂಟಿ ಪೊರಕೆನೇ ಬಚ್ಚಿಡ್ತಾರೆ. ನಂಗೆ ನಮ್ಮಜ್ಜಿ ನೆನಪಾಯ್ತು, ದೀಪ ಹಚ್ಚಿದ ಮೇಲೆ ಕಸ ಗುಡಿಸಿದ್ರೆ ಲಕ್ಷ್ಮಿ ಹೋಗ್ತಾಳೆ ಅಂತ ಪೊರಕೆ ಕಿತ್ಕೊಳ್ತಿದ್ರು.

ಆ ಆಂಟಿ ಮನೇಲಿ ಕಪ್ಪೆ ಇಲ್ಲ, ಕ್ರಿಸ್ಟಲ್ ಇಲ್ಲ. ಬಾಗಿಲು ತೆಗೆದ್ರೆ ಚಪ್ಪಲಿ ಕೂಡ ಅಡ್ಡ ಇರಲ್ಲ, ಅಷ್ಟೇ.

ತಲೆಹರಟೆ_99:

18 ಸಾವಿರಕ್ಕೆ ಕಪ್ಪೆನಾ? ಮಳೆಗಾಲದಲ್ಲಿ ನಮ್ಮ ಏರಿಯಾಗೆ ಬನ್ನಿ, ಫ್ರೀ. ನಾಲ್ಕು ಕಾಲೂ ಇರುತ್ತೆ.

ಎರಡನೇ_ಮಹಡಿ:

😂😂 ಮಗ ಓದಿ ಬಿದ್ದು ಬಿದ್ದು ನಕ್ಕ.

ಟ್ಯಾಂಪನೀಸ್ ಸರ್, ನೀವು ಕೇಳಿದ್ಮೇಲೆ ಆ ಪ್ಲ್ಯಾನ್ ಹಾಳೆ ತೆಗೆದು ನೋಡ್ದೆ. ಅಡಿಗೆಮನೆಗೆ, ಬಾಲ್ಕನಿಗೆ ದಿಕ್ಕಿನ ಲೆಕ್ಕ ಹಾಕಿದ್ದಾರೆ, ನಮ್ಮ ಬೆಡ್‌ರೂಮ್‌ಗೆ ಮಾತ್ರ ಬಾಗಿಲ ಲೆಕ್ಕ. ಯಾಕಂದ್ರೆ ದಿಕ್ಕಿನ ಲೆಕ್ಕದಲ್ಲಿ ದಾಂಪತ್ಯದ ಮೂಲೆ ಬಾತ್‌ರೂಮಲ್ಲಿ ಬರುತ್ತೆ, ಅಲ್ಲಿ ಬಾತುಕೋಳಿ ಮಾರೋಕ್ ಆಗಲ್ಲ ಅನ್ಸುತ್ತೆ. ಮತ್ತೆ ಫೋನ್ ದಿಕ್ಸೂಚಿ ಫ್ರಿಜ್ ಹತ್ರ ಹಿಡಿದೆ, ಹಾಲ್ ಮಧ್ಯ ಹಿಡಿದೆ. ಉತ್ತರ ಎರಡು ಕಡೆ ಇದೆ ನಮ್ಮನೇಲಿ.

ಪ್ಲ್ಯಾನ್_ಎಲಿವೇಶನ್:

ನಾನು ಮೈಸೂರಲ್ಲಿ ಆರ್ಕಿಟೆಕ್ಟು. ವಾಸ್ತು ಇಲ್ಲದೆ ಒಂದು ಮನೆನೂ ಕಟ್ಟೋಕ್ ಬಿಡಲ್ಲ ನಮ್ಮ ಕ್ಲೈಂಟ್‌ಗಳು, ಇತ್ತೀಚೆಗೆ ಪ್ಲ್ಯಾನ್ ಫೈನಲ್ ಆದ್ಮೇಲೆ ಫೆಂಗ್‌ಶೂಯಿ ವಿಡಿಯೋ ನೋಡ್ಕೊಂಡು ಬರೋರೂ ಇದಾರೆ. ಇಬ್ರ ಮಧ್ಯ ಸಿಕ್ಕಿ ಹಾಕ್ಕೊಂಡವನು ನಾನೇ, ಅದಕ್ಕೆ ಬರೀತಿದೀನಿ.

ಎರಡೂ ಹೊಂದಿಸ್ಬಹುದಾ ಅಂತ ಕೇಳಿದ್ರಿ. ದಿಕ್ಕಿನ ಲೆಕ್ಕದಲ್ಲಿ ಆಗಲ್ಲ, ಪ್ರಯತ್ನನೂ ಪಡ್ಬೇಡಿ. ಪಂಚಭೂತ ಅಂದ್ರೆ ನಮ್ಗೆ ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಅವ್ರಿಗೆ ಕಟ್ಟಿಗೆ, ಬೆಂಕಿ, ಮಣ್ಣು, ಲೋಹ, ನೀರು. ಪಟ್ಟಿನೇ ಬೇರೆ, ಇನ್ನು ಮೂಲೆ ಹೇಗೆ ಒಂದೇ ಆಗುತ್ತೆ. ಈಶಾನ್ಯ ವಾಸ್ತುಲಿ ನೀರಿನ ಜಾಗ, ಹಗುರ ಇರ್ಬೇಕು, ತಗ್ಗಿರ್ಬೇಕು. ಫೆಂಗ್‌ಶೂಯಿಲಿ ಅದರ ಗುರುತೇ ಬೆಟ್ಟ. ಆಗ್ನೇಯ ನಮ್ಗೆ ಒಲೆ, ಅವ್ರಿಗೆ ಕಟ್ಟಿಗೆ, ಕಟ್ಟಿಗೆ ಅಂದ್ರೆ ಗಿಡ, ಗಿಡಕ್ಕೆ ನೀರು ಬೇಕು, ಅದಕ್ಕೇ ಫೌಂಟನ್ನು. ಅವ್ರ ಲೆಕ್ಕಕ್ಕೆ ಅದು ಸರಿನೇ. ನಿಮ್ಮತ್ತೆ ಲೆಕ್ಕಕ್ಕೆ ಅವ್ರೂ ಸರಿ. ಇಬ್ರನ್ನೂ ಒಂದೇ ಯುಟಿಲಿಟಿಲಿ ನಿಲ್ಲಿಸಿದ್ದು ಮಾತ್ರ ತಪ್ಪು 🙂

ಆದ್ರೆ ದಿಕ್ಕು ಬಿಟ್ಟು ಉಳಿದಿದ್ದು ನೋಡಿದ್ರೆ ಇಬ್ರೂ ಸುಮಾರು ಒಂದೇ ಮಾತು ಹೇಳ್ತಾರೆ. ತಲೆ ಮೇಲೆ ತೊಲೆ ಬರೋ ಹಾಗೆ ಮಲಗ್ಬೇಡಿ. ಮನೆ ನಡುಮಧ್ಯ ಸಾಮಾನು ತುಂಬ್ಬೇಡಿ, ಅವ್ರಿಗೆ ಬಾಗುವಾದ ನಡು ಚೌಕ, ನಮ್ಗೆ ಬ್ರಹ್ಮಸ್ಥಾನ. ಮುಂಬಾಗಿಲು ಪೂರ್ತಿ ತೆಗೀಬೇಕು. ಇದಕ್ಕೆ ಶಾಸ್ತ್ರ ಬೇಡ ಅನ್ನೋದೇ ನನ್ನ ವಾದ, ಆದ್ರೆ ಶಾಸ್ತ್ರ ಅಂದ್ರೆ ಜನ ಕೇಳ್ತಾರೆ, ನಾನು ಹೇಳಿದ್ರೆ ಕೇಳಲ್ಲ. ಒಂದು ಪರೀಕ್ಷೆ ಮಾಡಿ: ನಿಮ್ಮ ಮುಂಬಾಗಿಲು ಎಷ್ಟು ತೆಗೆಯುತ್ತೆ? ಬೆಂಗಳೂರಿನ ಎಷ್ಟೋ ಫ್ಲ್ಯಾಟಲ್ಲಿ ಬಾಗಿಲ ಹಿಂದೆ ಶೂ ರ್ಯಾಕು, ಅದರ ಮೇಲೆ ಹೆಲ್ಮೆಟ್ಟು, ಅದಕ್ಕೆ ನೇತಾಕಿರೋ ಛತ್ರಿ, ಬಾಗಿಲು ಅರ್ಧ ತೆಗೆದು ಟಪ್ ಅಂತ ನಿಲ್ಲುತ್ತೆ. ದಿನಾ ಅಡ್ಡಡ್ಡವಾಗಿ ಒಳಗೆ ನುಗ್ಗಿ ನುಗ್ಗಿ ಅಭ್ಯಾಸ ಆಗಿರುತ್ತೆ, ಕಾಣೋದೇ ಇಲ್ಲ.

ಡೆಸ್ಕ್ ವಿಷ್ಯದಲ್ಲಿ ಆತ ಹೇಳಿದ್ದು ಸರಿ. ಅದನ್ನ ಇಂಗ್ಲಿಷಲ್ಲಿ ಕಮ್ಯಾಂಡ್ ಪೊಸಿಷನ್ ಅಂತಾರೆ: ಬೆನ್ನಿಗೆ ಗಟ್ಟಿ ಗೋಡೆ, ಕೂತಲ್ಲಿಂದ ಬಾಗಿಲು ಕಾಣ್ಬೇಕು, ಆದ್ರೆ ಬಾಗಿಲಿಗೆ ನೇರ ಎದುರು ಇರ್ಬಾರ್ದು, ಸ್ವಲ್ಪ ಓರೆ. ಮಂಚಕ್ಕೂ ಇದೇ ನಿಯಮ. ನಿಮ್ಮ ರೂಮು 10ಕ್ಕೆ 11 ಇರ್ಬಹುದು ಅನ್ಕೊಂಡು ಹೇಳ್ತೀನಿ, ಡೆಸ್ಕ್ ಗೋಡೆಗೆ ಅಂಟಿಸೋದು ಬಿಟ್ಟು 90 ಡಿಗ್ರಿ ತಿರುಗಿಸಿ, ಕಿಟಕಿ ಎಡಕ್ಕೆ ಬರ್ಲಿ (ಬಲಗೈಯವ್ರಾದ್ರೆ, ಬರೆಯೋವಾಗ ಕೈ ನೆರಳು ಬೀಳಲ್ಲ), ಖುರ್ಚಿ ಹಿಂದೆ ಗೋಡೆಗೆ ಎರಡೂವರೆ ಮೂರಡಿ ಬಿಡಿ. ಕಿಟಕಿ ಬೆನ್ನಿಗೆ ಬಂದ್ರೆ ಸ್ಕ್ರೀನ್ ಮೇಲೆ ಬೆಳಕು ಹೊಡೆಯುತ್ತೆ, ವಿಡಿಯೋ ಕಾಲಲ್ಲಿ ಮುಖ ಕಪ್ಪಾಗಿ ಕಾಣುತ್ತೆ. ಹೀಗೆ ತಿರುಗಿಸೋಕ್ಕೆ ಆ ಬಾಕ್ಸ್ ಗೋಡೆ ಕರಗ್ಬೇಕು, ಬೇರೆ ದಾರಿ ಇಲ್ಲ.

ಹಾಂಗ್‌ಕಾಂಗ್ ಕಥೆ ಒಂದು ಹೇಳ್ಬಿಡ್ತೀನಿ, ಕಾಲೇಜಲ್ಲಿ ಕೇಳಿದ್ದು. ಅಲ್ಲಿ ನಾರ್ಮನ್ ಫಾಸ್ಟರ್ ಡಿಸೈನ್ ಮಾಡಿದ ಎಚ್‌ಎಸ್‌ಬಿಸಿ ಬ್ಯಾಂಕಿನ ಕಟ್ಟಡ ಆಗಿದ್ದು 1985ರಲ್ಲಿ. ಆಮೇಲೆ ಹತ್ರದಲ್ಲೇ ಐ. ಎಂ. ಪೇ ಡಿಸೈನ್‌ನ ಬ್ಯಾಂಕ್ ಆಫ್ ಚೈನಾ ಗೋಪುರ ಬಂತು, ಅದರ ಚೂಪು ಅಂಚುಗಳು ಕತ್ತಿ ತರ ಇವೆ, ಸುತ್ತಮುತ್ತಲಿನವ್ರಿಗೆ ಒಳ್ಳೇದಲ್ಲ ಅಂತ ಊರೆಲ್ಲಾ ಮಾತು. ಎಚ್‌ಎಸ್‌ಬಿಸಿ ತಾರಸಿ ಮೇಲೆ ಮೇಂಟೆನೆನ್ಸ್ ಕ್ರೇನ್‌ಗಳಿವೆ, ನೋಡೋಕ್ಕೆ ಥೇಟ್ ಫಿರಂಗಿ. ಆ ಕತ್ತಿಗೆ ಈ ಫಿರಂಗಿ ಅಂತ ಜನ ಇವತ್ತಿಗೂ ಹೇಳ್ಕೊಂಡು ನಗ್ತಾರೆ. ಅಲ್ಲಿನ ಡಿಸ್ನಿಲ್ಯಾಂಡ್, 2005ರಲ್ಲಿ ಶುರು ಆಗಿದ್ದು, ಅದರ ಮುಖ್ಯ ಗೇಟನ್ನ ಫೆಂಗ್‌ಶೂಯಿಯವ್ರ ಮಾತು ಕೇಳಿ 12 ಡಿಗ್ರಿ ತಿರುಗಿಸಿ ಕಟ್ಟಿದ್ರು. ಅಷ್ಟು ದೊಡ್ಡ ಕಂಪನಿನೇ ತಿರುಗಿಸ್ತು ಅಂದ್ಮೇಲೆ ನೀವು ಒಂದು ಡೆಸ್ಕ್ ತಿರುಗಿಸೋಕ್ಕೆ ಯೋಚ್ನೆ ಮಾಡ್ಬೇಡಿ.

ಕೌದಿ_ಅಜ್ಜಿ:

ನಮಸ್ಕಾರ್ರೀ. ನಾ ಧಾರವಾಡದಾಕಿ, 68 ವಯಸ್ಸು, ಮೊಮ್ಮಗಳು ಫೋನ್‌ನ್ಯಾಗ ಬರಿಯೂದು ಕಲಿಸ್ಯಾಳ. ತಪ್ಪಿದ್ರ ನಕ್ಕು ಬಿಡ್ರಿ.

ನಿಮ್ಮ ದಿಕ್ಕಿನ ಜಗಳ ನನಗ ತಿಳಿಯಂಗಿಲ್ಲ. ಆದ್ರ ಎಲ್ಲಾರೂ ಚೀನಾದ ಮಾತು ಆಡಾಕ ಹತ್ತೀರಿ, ಆ 14 ಡಬ್ಬಿ ಒಳಗ ಏನೈತಿ ಅಂತ ಯಾರೂ ಕೇಳಲಿಲ್ಲ. ನೀವರ ಕೇಳೀರೇನು ನಿಮ್ಮ ಅತ್ತಿಯವ್ರನ್ನ? ಮನಿ ಬಿಟ್ಟು ಬಂದಾಕಿಗೆ ಡಬ್ಬಿ ಅಂದ್ರ ಡಬ್ಬಿ ಅಲ್ರೀ. ನಾನೂ ಹುಬ್ಬಳ್ಳಿ ಮನಿ ಮಾರಿ ಮಗನ ಮನಿಗೆ ಬಂದಾಗ ಒಂದು ಒಡದ ಬೀಸುಕಲ್ಲು ತಂದಿದ್ದೆ. ಅದ್ರಾಗ ಏನೂ ಬೀಸಾಕ ಬರೂದಿಲ್ಲ. ಸೊಸಿ ಎರಡು ವರ್ಷ ಏನೂ ಅನ್ನಲಿಲ್ಲ, ಮೂರನೇ ವರ್ಷ ನಾನ ತಗದು ಕೊಟ್ಟೆ.

ಹಳೇ ಸೀರಿ ಇದ್ರ ಪಾತ್ರಿಯವ್ರಿಗೆ ಕೊಡಬ್ಯಾಡ್ರಿ. ಐದು ಸೀರಿ ಕೊಟ್ರ ಒಂದು ಸ್ಟೀಲ್ ಬುಟ್ಟಿ ಕೊಡ್ತಾರ, ಮತ್ತ ಆ ಬುಟ್ಟಿ ಎಲ್ಲಿ ಇಡ್ತೀರಿ? ಹತ್ತಿ ಸೀರಿ ಇದ್ರ ಕೌದಿ ಹೊಲಸ್ರಿ. ಮ್ಯಾಲ ಕೆಳಗ ಚಲೋ ಸೀರಿ, ನಡುವ ಹರದವು, ಅಂಚಿನಿಂದ ಹಿಡದು ಸುತ್ತ ಸುತ್ತ ಹೊಲಗೋತ ಒಳಗ ಬರ್ಬೇಕು. ಒಂದು ದೊಡ್ಡ ಕೌದಿಗೆ ಐದಾರು ಸೀರಿ ಹೋಗ್ತಾವ. ಕಪಾಟು ಖಾಲಿ ಆತು, ಮೊಮ್ಮಗನಿಗೆ ಹೊದಿಕಿ ಆತು, ಅತ್ತಿಯವ್ರಿಗೆ ತಮ್ಮ ಸೀರಿ ಕಣ್ಣ ಮುಂದ ಇದ್ದಂಗಾತು.

ಮತ್ತ ಆ ಖಣ. ಅರಿಷಿಣ ಕುಂಕುಮದಾಗ ಕೊಟ್ಟಿದ್ದು, ಅವ್ರು ಇವ್ರಿಗೆ ಕೊಡೂದು, ಇವ್ರು ಅವ್ರಿಗೆ ಕೊಡೂದು, ಯಾರೂ ಹೊಲಸಂಗಿಲ್ಲ. ಒಮ್ಮೆ ನಾ ಕೊಟ್ಟ ಖಣ ನಾಲ್ಕು ವರ್ಷಕ್ಕ ತಿರುಗಿ ನನ್ನ ಕೈಗೇ ಬಂದಿತ್ತು, ಮೂಲ್ಯಾಗ ನಾ ಹಚ್ಚಿದ ಕುಂಕುಮದ ಕಲಿ ಹಂಗ ಇತ್ತು.

ಪೀಣ್ಯ_ಫೈಲುಗಳು:

ಅಜ್ಜಿ 🙏🙏 ಖಣದ ಮಾತು ನಿಜ.

ನಾನು ಮನೆ ವಿಷ್ಯ ಬಿಟ್ಟು ಆಫೀಸ್ ವಿಷ್ಯ ಹೇಳ್ತೀನಿ. ಪೀಣ್ಯದಲ್ಲಿ ಸಣ್ಣ ಮೆಷಿನ್ ಶಾಪಿನ ಅಕೌಂಟ್ಸ್, ಅಡ್ಮಿನ್ ಎಲ್ಲಾ ನಂದೇ. ನಮ್ಮ ಮಾಲೀಕ್ರು ಯಾರದೋ ಮಾತು ಕೇಳಿ ಫೆಂಗ್‌ಶೂಯಿ ಮಾಡಿಸಿದ್ರು. ಆ ಮೂರು ಕಾಲಿನ ಕಪ್ಪೆ ನಮ್ಮ ಆಫೀಸಲ್ಲೂ ಇದೆ, ಬಾಯಲ್ಲಿ ನಾಣ್ಯ ಕಚ್ಕೊಂಡಿರುತ್ತಲ್ಲ ಅದು. ಅದು ಒಳಗೆ ಮುಖ ಮಾಡಿರ್ಬೇಕಂತೆ, ಬಾಗಿಲ ಕಡೆ ಮುಖ ಮಾಡಿದ್ರೆ ದುಡ್ಡು ಹೊತ್ಕೊಂಡು ಆಚೆ ಹೋಗುತ್ತಂತೆ. ನಮ್ಮ ಹೌಸ್‌ಕೀಪಿಂಗ್ ಅಕ್ಕ ದಿನಾ ಬೆಳಗ್ಗೆ ಟೇಬಲ್ ಒರೆಸಿ ಕಪ್ಪೇನ ಚೆನ್ನಾಗಿ ಕಾಣ್ಲಿ ಅಂತ ಬಾಗಿಲ ಕಡೆ ತಿರುಗಿಸಿ ಇಡ್ತಾರೆ, 10 ಗಂಟೆಗೆ ಮಾಲೀಕ್ರು ಬಂದು ಬ್ಯಾಗ್ ಇಡೋಕ್ ಮುಂಚೆ ಅದನ್ನ ಒಳಕ್ಕೆ ತಿರುಗಿಸ್ತಾರೆ. ಎರಡು ವರ್ಷದಿಂದ ನಡೀತಿದೆ. ಇಬ್ರೂ ಒಬ್ರಿಗೊಬ್ರು ಏನೂ ಹೇಳಲ್ಲ, ನಾನೂ ಹೇಳಿಲ್ಲ, ನಂಗೆ ದಿನದ ಮನರಂಜನೆ ಅದೊಂದೇ.

ಜೊತೆಗೆ ಲಕ್ಕಿ ಬ್ಯಾಂಬೂ ಅಂತ ಗಾಜಿನ ಲೋಟದಲ್ಲಿ ಇಟ್ಟಿದಾರಲ್ಲ, ಅದು ಬಿದಿರೇ ಅಲ್ಲ, ಡ್ರಸೀನಾ ಅನ್ನೋ ಆಫ್ರಿಕಾ ಮೂಲದ ಗಿಡ. ನಮ್ಮದು ನೀರು ಬದಲಿಸ್ದೆ ಕೊಳೆತು ಸೊಳ್ಳೆ ಆಯ್ತು.

ಒಂದು ಮಾತ್ರ ಒಳ್ಳೇದಾಯ್ತು. ಮಾಲೀಕ್ರ ಹಿಂದೆ ಇದ್ದ ಫೈಲ್ ರ್ಯಾಕ್ ಬೆನ್ನ ಮೇಲೆ ಬೀಳೋ ಹಾಗಿದೆ, ತೆಗೀರಿ ಅಂದ್ರು. ಆ ನೆಪದಲ್ಲಿ ನಾನು ಫೈಲ್ ನೋಡೋಕ್ ಶುರು ಮಾಡ್ದೆ, 1996ರ ಡೆಲಿವರಿ ಚಲನ್ ಸಿಕ್ತು! ಕಂಪನಿ ಕಾಯ್ದೆ ಪ್ರಕಾರ ಲೆಕ್ಕದ ಪುಸ್ತಕ 8 ಹಣಕಾಸು ವರ್ಷ ಇಡ್ಬೇಕು, ಅದನ್ನ ಹಿಡ್ಕೊಂಡು, ಕೇಸ್ ಇರೋದು, ಜಮೀನು ಮೆಷಿನ್ ಪತ್ರ ಬಿಟ್ಟು, ಆಡಿಟರ್‌ಗೆ ಫೋನ್ ಮಾಡಿ ಕೇಳ್ಕೊಂಡು ಉಳಿದಿದ್ದೆಲ್ಲಾ ಕತ್ತರಿಸಿ ಗುಜರಿಗೆ ಹಾಕಿದ್ವಿ. ಮುಂಚೆ ಪ್ರತಿ ವರ್ಷ ಆಯುಧಪೂಜೆಗೆ ಅದೇ ಫೈಲ್‌ಗಳನ್ನ ಇಳಿಸಿ ಧೂಳು ಕೊಡವಿ, ಕುಂಕುಮ ಹಚ್ಚಿ ಮತ್ತೆ ಮೇಲಿಡ್ತಿದ್ವಿ, ಒಂದು ಹಾಳೆನೂ ಎಸೀತಿರ್ಲಿಲ್ಲ.

ಮನೆಗೂ ಇದೇ ಮಾಡಿ. ಅಟ್ಟದಿಂದ ಒಂದೇ ಸಲ ಎಲ್ಲಾ ಇಳಿಸ್ಬೇಡಿ, ಸಂಜೆ ಹೊತ್ತಿಗೆ ಸುಸ್ತಾಗಿ ಇದ್ದ ಹಾಗೇ ವಾಪಸ್ ತುರುಕ್ತೀರಾ. ಒಂದು ಭಾನುವಾರಕ್ಕೆ ಒಂದು ಅಟ್ಟ. ಹಳೆ ಯುಪಿಎಸ್ ಬ್ಯಾಟರಿ ಇದ್ರೆ ಬ್ಯಾಟರಿ ಅಂಗಡಿಯವ್ರು ಎಕ್ಸ್‌ಚೇಂಜಿಗೆ ತಗೋತಾರೆ, ಆರ್‌ಓ ಮೆಷಿನ್ನು, ಚಾರ್ಜರು ಇ-ವೇಸ್ಟಿಗೆ ಕೊಡಿ, ಕಸದ ಗಾಡಿಗೆ ಹಾಕ್ಬೇಡಿ.

ತಲೆಹರಟೆ_99:

ಅಣ್ಣ ಆ ಅಕ್ಕಂಗೆ ಹೇಳ್ಬೇಡಿ ಪ್ಲೀಸ್. ಹೇಳಿದ ದಿನ ಕಂಪನಿ ಮುಚ್ಚುತ್ತೆ.

ಎರಡನೇ_ಮಹಡಿ:

ಮೂರು ಭಾನುವಾರ ಆಯ್ತು, ಅಪ್‌ಡೇಟ್ ಕೊಡ್ಲಿಲ್ಲ ಅಂತ ಬೈಕೋಬೇಡಿ.

ಮೊದಲು ಬಾಗಿಲು. ಆರ್ಕಿಟೆಕ್ಟ್ ಸರ್ ಹೇಳಿದ್ಮೇಲೆ ನೋಡಿದ್ರೆ ನಮ್ಮದೂ ಅರ್ಧನೇ ತೆಗೀತಿತ್ತು. ಶೂ ರ್ಯಾಕ್ ಖಾಲಿ ಮಾಡಿದ್ರೆ ಮಗನ ಯುಕೆಜಿ ಶೂ ಇತ್ತು, ನಮ್ಮನೆಯವ್ರ ಒಂದೇ ಕಾಲಿನ ಚಪ್ಪಲಿ ಇತ್ತು (ಇನ್ನೊಂದು ಎಲ್ಲಿ ಅಂತ ಅವ್ರಿಗೂ ಗೊತ್ತಿಲ್ಲ, ಸಿಗುತ್ತೆ ಬಿಡು ಅಂತಾರೆ). ರ್ಯಾಕ್ ಈಗ ಯುಟಿಲಿಟಿಗೆ ಹೋಗಿದೆ, ಮಿಕ್ಸಿ, ಪೇಪರ್ ಗುಜರಿಗೆ ಹೋದ್ಮೇಲೆ ಅಲ್ಲಿ ಜಾಗ ಆಯ್ತು. ಸಂಪತ್ತಿನ ಮೂಲೆಲಿ ಚಪ್ಪಲಿ ಇಟ್ಟಿದೀನಿ, ಯಾರಿಗೂ ಹೇಳ್ಬೇಡಿ.

ಅಟ್ಟದ ಲೆಕ್ಕ ಕೇಳಿ. ಮೊಬೈಲ್ ಖಾಲಿ ಡಬ್ಬ 7, ಯಾವ ಟಿವಿದು ಅಂತ ಗೊತ್ತಿಲ್ಲದ ರಿಮೋಟ್ 3, ಕುಕ್ಕರ್ ಗ್ಯಾಸ್ಕೆಟ್ 9. ಪ್ರತಿ ಸಲ ಇಲ್ವೇನೋ ಅಂತ ಹೊಸದು ತಂದಿದೀವಿ. ರವಿಕೆ ಕಣ 23. ನಾನು ಅತ್ತೆನ ನೋಡ್ದೆ, ಅತ್ತೆ ನನ್ನ ನೋಡಿದ್ರು, ಅದ್ರಲ್ಲಿ 19 ನಂದೇ, ಮದುವೆ ಆದಾಗಿಂದ ಸೇರಿದ್ದು.

ಅಜ್ಜಿ, ನೀವು ಹೇಳಿದ ಹಾಗೆ ಬಾಕ್ಸ್‌ಗಳಲ್ಲಿ ಏನಿದೆ ಅಂತ ಕೇಳ್ದೆ. ನಾಲ್ಕು ತಿಂಗಳಲ್ಲಿ ಒಂದ್ಸಲನೂ ಕೇಳಿರ್ಲಿಲ್ಲ ನಾನು. ಅವ್ರೇ ಒಂದೊಂದು ತೆಗೆಸಿದ್ರು. ಎರಡು ಬಾಕ್ಸ್ ಪೂರ್ತಿ ಮಾವನ ಡೈರಿ, ಮಾವ ಮೇಷ್ಟ್ರಾಗಿದ್ರು, ಡೈರಿಲಿ ಬರೀ ಮಳೆ ಲೆಕ್ಕ, ಅಡಿಕೆ ರೇಟು. ಒಂದು ಬಾಕ್ಸ್‌ನಲ್ಲಿ ಉಪ್ಪಿನಕಾಯಿ ಜಾಡಿ, ಹಳೆ ಪೇಪರ್‌ಲಿ ಸುತ್ತಿ ಸುತ್ತಿ ಇಟ್ಟಿದ್ರು, ದೊಡ್ಡದು ಬಿರುಕು ಬಿಟ್ಟಿತ್ತು, ಪೇಪರ್ ಬಿಚ್ಚುತ್ತಾ ಬಿಚ್ಚುತ್ತಾ ಅವ್ರಿಗೇ ಕೈಗೆ ಗೊತ್ತಾಯ್ತು, ಏನೂ ಮಾತಾಡ್ದೆ ಅದನ್ನ ಪಕ್ಕಕ್ಕಿಟ್ಟು ಮುಂದಿಂದು ಬಿಚ್ಚಿದ್ರು. ಐದು ಬಾಕ್ಸು ಅವ್ರೇ ಬೇಡ ಅಂದ್ರು. ಸೀರೆ ಆರಿಸಿದೀವಿ, ಇಲ್ಲಿ ಕೌದಿ ಹೊಲಿಯೋರು ಯಾರಾದ್ರೂ ಗೊತ್ತಿದ್ರೆ ಹೇಳಿ. ಮೂರು ಬಾಕ್ಸ್ ಇನ್ನೂ ತೆಗೆದಿಲ್ಲ, ಮೇಲೆ ಸ್ಕೆಚ್ ಪೆನ್ನಲ್ಲಿ ಮುಖ್ಯ ಅಂತ ಬರೆದಿದ್ದಾರೆ, ಕೇಳಿದ್ರೆ ಆಮೇಲೆ ನೋಡಣ ಅಂತಾರೆ. ಬಿಟ್ಟಿದೀನಿ.

ಹಂಡೆದೇ ದೊಡ್ಡ ಕಥೆ. ಬಾಲ್ಕನಿ ಖಾಲಿ ಆದ್ಮೇಲೆ ನಾನು ಜಾಣೆ ತರ, ಹಂಡೆಗೆ ಮಣ್ಣು ತುಂಬಿ ಗಿಡ ಹಾಕಣ, ಈಶಾನ್ಯದಲ್ಲಿ ಮಣ್ಣೂ ಆಯ್ತು ನೀರೂ ಆಯ್ತು, ಚೀನಾದವ್ರಿಗೂ ನಿಮಗೂ ಇಬ್ರಿಗೂ ಸರಿ ಅಂದೆ. ನೀರು ತುಂಬೋ ಹಬ್ಬಕ್ಕೆ ಪೂಜೆ ಮಾಡೋ ಹಂಡೆಗೆ ಮಣ್ಣು ತುಂಬ್ತೀಯಾ ಅಂತ ಎರಡು ದಿನ ಮಾತು ಬಿಟ್ರು. ಅದು ಅವ್ರಮ್ಮ ಕೊಟ್ಟಿದ್ದಂತೆ, ಅದೂ ನಂಗೆ ಗೊತ್ತಿರ್ಲಿಲ್ಲ. ಈಗ ಹಂಡೆ ಈಶಾನ್ಯದಲ್ಲೇ ಇದೆ, ಖಾಲಿ. ಹುಣಸೆಹಣ್ಣು ಹಾಕಿ ಉಜ್ಜಿದಾರೆ, ಬೆಳಗ್ಗೆ ಬಿಸಿಲು ಬಿದ್ರೆ ಹಾಲ್ ಗೋಡೆ ಮೇಲೆ ಕೆಂಪಗೆ ಒಂದು ಬೆಳಕು ಕುಣಿಯುತ್ತೆ, ಮಗ ಅದನ್ನ ಹಿಡಿಯೋಕ್ ಹೋಗಿ ಸ್ಕೂಲಿಗೆ ಲೇಟ್ ಮಾಡ್ಕೋತಾನೆ.

ಡೆಸ್ಕ್ ತಿರುಗಿಸ್ದೆ. ಈಗ ಮಗ ಭೌ ಅನ್ನೋಕ್ ಮುಂಚೆ ನಾನೇ ಭೌ ಅಂತೀನಿ. ಬಾತುಕೋಳಿ ಯಾವ್ದೂ ತಗೊಂಡಿಲ್ಲ, ಬಂದು ಹೋಗಿದ್ದಕ್ಕೆ ಫೀಸ್ ಮಾತ್ರ ಕೊಟ್ಟು ಮುಗಿಸ್ದೆ.

ಗ್ಯಾಸ್ಕೆಟ್ 9ರಲ್ಲಿ 5 ಹೊಸದು, ಪ್ಯಾಕೆಟ್ ಒಡೆದಿಲ್ಲ. ಎಸೆಯೋಕ್ ಮನಸಿಲ್ಲ, ಯಾರಿಗಾದ್ರೂ ಬೇಕಾ?

ಪೀಣ್ಯ_ಫೈಲುಗಳು:

5 ಲೀಟರ್‌ದು ಇದ್ರೆ ಎರಡು ನಂಗಿರ್ಲಿ. ಮನೇಲಿ ಇರ್ಬಹುದು, ಎಲ್ಲಿದೆ ಅಂತ ಗೊತ್ತಿಲ್ಲ.